ಎರಡನೇ ಕ್ಯಾಮೆರಾ

ಷಟರು ಅರ್ಧಕ್ಕೆ ಎದ್ದು ಹಟ ಹಿಡಿದು ನಿಂತಿತು. ಎತ್ತರ ನೋಡಿ ಬೀದಿಯವರೆಲ್ಲ ಕಂಬ ಎಂದೇ ಕರೆಯುತ್ತಿದ್ದ ಆಳು ಎರಡೂ ಕೈ ಹಾಕಿ ಎತ್ತಿದ, ಭುಜ ಕೊಟ್ಟು ನೂಕಿದ, ಕೊನೆಗೆ ಬಾಯಿಗೆ ಬಂದದ್ದನ್ನೆಲ್ಲ ಬೈದ. ಷಟರು ಜಗ್ಗಲಿಲ್ಲ.

"ಎಡಗಡೆ ಮೂಲೆಗೆ ಒದೀಬೇಕು," ಎಂದ ಪಕ್ಕದಂಗಡಿಯ ಟೇಲರ್, ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ. "ಟೈಮಣ್ಣ ದಿನಾ ಒದೀತಿದ್ದ. ಒಂದು ಸಲ ಮೆತ್ತಗೆ, ಒಂದು ಸಲ ಜೋರಾಗಿ."

"ಗೊತ್ತಯ್ಯಾ. ನೀನು ಇಲ್ಲಿ ಅಂಗಡಿ ಇಡೋದಕ್ಕೆ ಮೊದಲೇ ನಾನು ಒದ್ದಿದ್ದೀನಿ ಇದನ್ನ."

ಗೊತ್ತಿತ್ತು ನಿಜ, ಆದರೆ ಮರೆತಿದ್ದ. ಆರು ವರ್ಷದಿಂದ ಕಂಬ ಈ ಬಾಗಿಲಿಗೆ ಬಂದಿರಲಿಲ್ಲ. ಈಗ ಮೆತ್ತಗೊಮ್ಮೆ, ಜೋರಾಗೊಮ್ಮೆ ಒದ್ದ. ಷಟರು ಗಡಗಡನೆ ಮೇಲಕ್ಕೆ ಹೋಯಿತು. ಮೇಲಿನ ಮನೆಯಲ್ಲಿ ಅಳುತ್ತಿದ್ದವರು ಒಂದು ಗಳಿಗೆ ಗಪ್‌ಚಿಪ್ ಆದರು. ದಿನಾ ಬೆಳಿಗ್ಗೆ ಆ ಸದ್ದು ಮಾಡುತ್ತಿದ್ದವನು ಅವರ ನಡುವೆಯೇ ಮಲಗಿದ್ದ.

ಕೆಳಗೆ ಫೋಟೋ ಸ್ಟುಡಿಯೋ, ಮೇಲೆ ಎರಡು ಕೋಣೆಯ ಮನೆ. ಟೈಮಣ್ಣನ ಬದುಕೆಂದರೆ ಅಷ್ಟೇ. ಮೆಟ್ಟಿಲಿಳಿದರೆ ಕೆಲಸ, ಮೆಟ್ಟಿಲು ಹತ್ತಿದರೆ ನಿದ್ದೆ. ಊರಿನವರ ಮದುವೆಗಳನ್ನೆಲ್ಲ ತೆಗೆದದ್ದೇ ಬಂತು, ತಾನು ಮದುವೆಯಾಗಲಿಲ್ಲ. ನಿನ್ನೆ ಬೆಳಿಗ್ಗೆ ಷಟರು ಏಳುವ ಹೊತ್ತಿಗೆ ಏಳಲಿಲ್ಲ. ಟೇಲರ್ ಮೊದಲನೇ ಚಹಾ ಮುಗಿಸಿದ, ಎರಡನೆಯದನ್ನೂ ಮುಗಿಸಿದ, ಆಮೇಲೆ ಮೆಟ್ಟಿಲು ಹತ್ತಿ ಬಾಗಿಲು ಬಡಿದ. ನಿದ್ದೆಯಲ್ಲೇ ಹೃದಯ ನಿಂತಿತ್ತು. ಯಾರನ್ನೂ ಕೂಗಿದ ಹಾಗಿರಲಿಲ್ಲ. ಕೂಗಿದ್ದರೂ ಓಗೊಡುವವರು ಯಾರಿದ್ದರು?

ಕಂಬ ದೀಪ ಹಾಕಿದ. ಗೋಡೆಯ ಗಡಿಯಾರ ಮೊದಲಿನ ಮೊಳೆಯಲ್ಲೇ ನೇತಾಡುತ್ತ ಓಡುತ್ತಿತ್ತು. ಬಿಳಿ ಪರದೆ, ಅದರ ಮುಂದೆ ಮುಖ ತೆಗೆಸಿಕೊಳ್ಳುವವರು ಕೂರುವ ಮರದ ಸ್ಟೂಲು, ಮೂಲೆಯಲ್ಲಿ ಮುದಿ ಕಂಪ್ಯೂಟರು. ಒಂದೂ ಜಾಗ ಬಿಟ್ಟು ಕದಲಿರಲಿಲ್ಲ. ಎರಡನೇ ಕುರ್ಚಿ ಕೂಡ ಮೇಜಿನ ಪಕ್ಕದಲ್ಲೇ ಇತ್ತು. ಅದು ಕಂಬನ ಕುರ್ಚಿ. ಅದರ ಮೇಲೆ ಒಂದು ಹಾಳೆಯೂ ಇಟ್ಟಿರಲಿಲ್ಲ. ಅದನ್ನು ನೋಡಿ ಕಂಬನಿಗೆ ಏಕೋ ರೇಗಿತು. ಏನಾದರೂ ಪೇರಿಸಿಡಬಾರದಿತ್ತೇ ಈ ಮನುಷ್ಯ!

ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಟೈಮಣ್ಣನ ಅಕ್ಕ. ಹಿಂದೆಯೇ ಅವಳ ಅಳಿಯ, ವಿಮಾ ಕಚೇರಿಯ ಗುಮಾಸ್ತ, ಕೈಯಲ್ಲೊಂದು ಹಾಳೆ ಹಿಡಿದು.

"ಬಂದೆಯಾ? ನೀನು ಬರಲ್ಲ ಅಂತ ಟೇಲರ್ ಹೇಳಿದ್ದ."

"ಹೇಳಿ ಕಳಿಸಿದರೆ ಬರದೆ ಇರ್ತೀನಾ ಅಕ್ಕಾ?"

"ಹೇಳಿ ಕಳಿಸದೆ ಇದ್ದಿದ್ದರೆ?"

ಕಂಬ ಗಡಿಯಾರದ ಕಡೆ ನೋಡಿದ.

"ಇರಲಿ ಬಿಡು. ಜಗಳಕ್ಕೆ ಇವತ್ತು ಪುರುಸೊತ್ತಿಲ್ಲ." ಅಕ್ಕ ಅಳಿಯನ ಕೈಯಿಂದ ಹಾಳೆ ಕಿತ್ತು ಮುಂದೆ ಹಿಡಿದಳು. ಟೈಮಣ್ಣನ ಗುರುತಿನ ಚೀಟಿಯ ಚಿತ್ರವನ್ನು ಅಳಿಯ ದೊಡ್ಡದು ಮಾಡಿಸಿ ತಂದಿದ್ದ. "ನೋಡು, ಇದು ನನ್ನ ತಮ್ಮನಾ? ಪೊಲೀಸ್ ಠಾಣೆ ಗೋಡೆಗೆ ಅಂಟಿಸೋ ಹಾಗಿದೆ."

"ಅತ್ತೆ, ಇದ್ದಿದ್ದು ಇದೊಂದೇ..." ಎಂದ ಅಳಿಯ.

"ಅಳಿಯಂದಿರೇ, ನೀವು ಸುಮ್ಮನಿರಿ. ಊರವರ ಮುಖಾನೆಲ್ಲ ಚಂದ ಮಾಡಿ ಕೊಟ್ಟವನ ತಲೆ ಹತ್ತಿರ ಈ ಕಳ್ಳನ ಮುಖ ಇಡೋದಾ?" ಅವಳ ದನಿ ಇಳಿಯಿತು. "ಮೇಲೆ ಮಲಗಿರೋನ ಮುಖ ನನಗೇ ಗುರುತು ಹತ್ತುತ್ತಿಲ್ಲ ಕಂಬ. ಹೆಂಗೋ ಆಗಿಬಿಟ್ಟಿದೆ. ಬಂದವರಿಗೆಲ್ಲ ಅದೇ ನೆನಪಲ್ಲಿ ಉಳಿದರೆ? ಗಾಡಿ ನಾಲ್ಕಕ್ಕೆ ಬರ್ತದೆ. ಅಷ್ಟರೊಳಗೆ ಅವನ ಮುಖ ಹುಡುಕಿಕೊಡು. ಅದಕ್ಕೇ ನಿನ್ನನ್ನ ಕರೆಸಿದ್ದು. ಹದಿನಾಲ್ಕು ವರ್ಷ ಜೊತೇಲಿ ಕೆಲಸ ಮಾಡಿದೀಯ. ನಿನ್ನ ಹತ್ತಿರ ಒಂದಾದರೂ ಇಲ್ವಾ?"

"ಇದ್ದವು. ಅಳಿಸಿ ಹಾಕಿದೆ."

"ಸಿಟ್ಟಿಗಾ?"

"ಸಿಟ್ಟಿಗೇ."

"ಥೂ, ದರಿದ್ರವೇ. ನನ್ನ ಹಾಗೇ ಇದ್ದೀಯ," ಎಂದು ಅಕ್ಕ ಸ್ಟೂಲಿನ ಮೇಲೆ ಕುಕ್ಕರಿಸಿದಳು. "ಕಂಪ್ಯೂಟರ್ ಹಾಕು."

ಕಂಬ ತನ್ನ ಹಳೆಯ ಕುರ್ಚಿಯಲ್ಲಿ ಕೂರಲಿಲ್ಲ. ಟೈಮಣ್ಣನ ಕುರ್ಚಿಯಲ್ಲೂ ಕೂರಲಾಗಲಿಲ್ಲ. ನಿಂತೇ ಬಗ್ಗಿ ಗುಂಡಿ ಒತ್ತಿದ. ಆ ಎತ್ತರದ ಆಳು ಬಗ್ಗಿದರೆ ಕೊಕ್ಕರೆ ಕೆರೆಗಿಳಿದ ಹಾಗೆ ಕಾಣುತ್ತಿತ್ತು. ಕಂಪ್ಯೂಟರಿನ ಪರದೆಯ ತುಂಬ ಅಂಕಿಗಳು ಮೇಲಿಂದ ಕೆಳಗೆ ಇರುವೆ ಸಾಲಿನಂತೆ ಹರಿದವು. ಅಳಿಯ ಮಾವನ ಹೆಸರು ಒತ್ತಿ ಹುಡುಕಿ ನೋಡಿದ. ಏನೂ ಬರಲಿಲ್ಲ. 'ಮಾವ' ಎಂದು ಒತ್ತಿದ. ಅದೂ ಇಲ್ಲ.

"ಇದೇನು, ಒಬ್ಬರ ಹೆಸರೂ ಇಲ್ವಲ್ಲ ಇದರಲ್ಲಿ?"

"ಇಲ್ಲ. ಅವನು ಹೆಸರು ಇಡ್ತಿರಲಿಲ್ಲ," ಎಂದ ಕಂಬ.

* * *

ಮೊದಲು ಟೈಮಣ್ಣನೂ ಎಲ್ಲರಂತೆ ಹೆಸರು ಹಾಕಿಯೇ ಇಡುತ್ತಿದ್ದ. ಹುಡುಗಿಯ ಹೆಸರಲ್ಲೊಂದು ಫೋಲ್ಡರು, ಅದರೊಳಗೆ ಅವಳ ಚಿತ್ರಗಳೆಲ್ಲ. ಹಾಗಿಟ್ಟೇ ಕೆಟ್ಟ.

ಒಬ್ಬ ಹುಡುಗಿಯ ನಿಶ್ಚಿತಾರ್ಥ ತೆಗೆದಿದ್ದರು. ಅದು ಮುರಿದುಬಿತ್ತು. ಮರುವರ್ಷ ಅವಳಿಗೆ ಬೇರೆ ಗಂಡು ಸಿಕ್ಕಿ ಮದುವೆಯೂ ಆಯಿತು. ಅದನ್ನೂ ಇವರೇ ತೆಗೆದರು. ಹೆಸರು ಅದೇ, ಫೋಲ್ಡರೂ ಅದೇ. ಆಲ್ಬಂ ಕಟ್ಟುವಾಗ ಹಳೆಯ ಗಂಡು ಹೊಸ ಮದುವೆಯ ಮೂರನೇ ಪುಟದೊಳಗೆ ನುಸುಳಿಕೊಂಡು, ಹುಡುಗಿಯ ಕೈ ಹಿಡಿದು, ಹಲ್ಲು ಬಿಟ್ಟುಕೊಂಡು ನಿಂತಿದ್ದ. ಆ ಆಲ್ಬಂ ಬಿಚ್ಚಿದ್ದು ಎಲ್ಲಿ? ಗಂಡನ ಮನೆಯ ಹಜಾರದಲ್ಲಿ, ನೆಂಟರೆಲ್ಲ ಸುತ್ತ ಕೂತಿದ್ದಾಗ. ಸಂಜೆಯೊಳಗೆ ಹುಡುಗಿಯ ಅಣ್ಣಂದಿರು ಸ್ಟುಡಿಯೋಗೆ ನುಗ್ಗಿ ಗಾಜಿನ ಕಪಾಟು ಪುಡಿ ಮಾಡಿದರು. ಕಂಬ ಸುಮ್ಮನಿರುವ ಪೈಕಿಯಲ್ಲ. ಎರಡು ಕೊಟ್ಟ, ನಾಲ್ಕು ತಿಂದ.

ಟೈಮಣ್ಣ ಗಾಜು ಗುಡಿಸುತ್ತ ಹೇಳಿದ: "ಹೆಸರನ್ನ ನಂಬಿ ಕೆಲಸ ಕೆಟ್ಟಿತು ಕಂಬ. ಒಂದೇ ಹೆಸರು ಹತ್ತು ಜನಕ್ಕಿರ್ತದೆ. ಹುಟ್ಟಿದ ಮಗೂಗೆ ಹೆಸರೇ ಇರಲ್ಲ. ಚಿತ್ರ ತೆಗೆದ ಹೊತ್ತನ್ನೇ ಹೆಸರು ಮಾಡಿಬಿಡೋಣ. ಅದು ಇನ್ನೊಂದು ಸಲ ಬರಲ್ಲ."

"ಜನ ಬಂದು ಕೇಳಿದರೆ ಹೆಂಗೆ ಹುಡುಕ್ತೀಯ?"

"ಯಾವತ್ತು ಅಂತ ಕೇಳ್ತೀನಿ."

"ಮರೆತಿದ್ದರೆ?"

"ಮಳೆ ಇತ್ತಾ ಬಿಸಿಲಿತ್ತಾ ಅಂತ ಕೇಳ್ತೀನಿ. ಊಟಕ್ಕೆ ಮುಂಚೇನಾ, ಆಮೇಲಾ ಅಂತ ಕೇಳ್ತೀನಿ. ನೆನಪು ಮಾಡಿಕೊಳ್ಳಲಿ ಬಿಡು, ಏನು ಕಷ್ಟ?"

ಅಂದಿನಿಂದ ಎಲ್ಲವೂ ಅಂಕಿ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಬಾಲದಲ್ಲಿ 1 ಇದ್ದರೆ ಟೈಮಣ್ಣ ತೆಗೆದದ್ದು, 2 ಇದ್ದರೆ ಕಂಬ ತೆಗೆದದ್ದು. ಬೀದಿಯವರು ಅವನಿಗೆ ಟೈಮಣ್ಣ ಎಂದು ಹೆಸರಿಟ್ಟದ್ದೂ ಆಗಲೇ. ಹುಟ್ಟಿದಾಗ ಇಟ್ಟ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿಯಿತು.

ಆದರೆ ಒಂದು ತೊಡಕಿತ್ತು. ಇಬ್ಬರ ಕ್ಯಾಮೆರಾದೊಳಗಿನ ಗಡಿಯಾರಗಳು ಹೊಂದುತ್ತಿರಲಿಲ್ಲ. ಇಂದು ಸರಿ ಮಾಡಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಕಂಬನದು ಮುಂದೆ ಓಡಿರುತ್ತಿತ್ತು. ಎರಡರ ಚಿತ್ರಗಳನ್ನು ಹೊತ್ತಿನ ಪ್ರಕಾರ ಜೋಡಿಸಿದರೆ, ಮಗಳು ಕಾರು ಹತ್ತುವ ಮೊದಲೇ ತಾಯಿ ಕೈ ಬೀಸಿ ಕಳಿಸಿಬಿಡುತ್ತಿದ್ದಳು. ಅದಕ್ಕೆ ಟೈಮಣ್ಣ ಒಂದು ಉಪಾಯ ಹೂಡಿದ. ಯಾವ ಕೆಲಸಕ್ಕೇ ಹೋಗಲಿ, ಶುರು ಮಾಡುವ ಮುಂಚೆ ಇಬ್ಬರೂ ಎದುರುಬದುರು ನಿಲ್ಲುವುದು. ಕಂಬ ಎಣಿಸುವುದು. ಒಂದು, ಎರಡು, ಮೂರು. ಮೂರಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ತೆಗೆಯುವುದು. ಮನೆಗೆ ಬಂದು ಆ ಎರಡು ಚಿತ್ರಗಳ ಹೊತ್ತು ಹೋಲಿಸಿ, ಕಂಬನ ಗಡಿಯಾರ ಎಷ್ಟು ಮುಂದಿದೆಯೋ ಅಷ್ಟು ಅವನ ಚಿತ್ರಗಳನ್ನೆಲ್ಲ ಹಿಂದಕ್ಕೆ ಎಳೆಯುವುದು.

"ನನ್ನದೇ ಯಾಕೆ ಎಳೀತೀಯ? ನಿನ್ನದನ್ನ ಮುಂದೆ ತಳ್ಳು," ಎಂದು ಕಂಬ ತಗಾದೆ ತೆಗೆಯುತ್ತಿದ್ದ.

"ನಿನ್ನ ಗಡಿಯಾರ ನಿನ್ನ ಹಾಗೇನೆ. ಮಾತಿಗೆ ಮುಂಚೆ ಕೈ ಮುಂದೆ. ಯಾರಾದರೂ ಹಿಂದಕ್ಕೆ ಎಳೀಬೇಕಲ್ಲ?"

ಮದುವೆ ಮನೆಯ ಬಾಗಿಲಲ್ಲಿ, ಶಾಲೆಯ ಅಂಗಳದಲ್ಲಿ, ಕಾರ್ಖಾನೆಯ ಗೇಟಿನ ಮುಂದೆ ಇಬ್ಬರು ನಡುವಯಸ್ಸಿನ ಗಂಡಸರು ಪಿಸ್ತೂಲು ಗುರಿಯಿಟ್ಟ ಹಾಗೆ ಎದುರುಬದುರು ನಿಲ್ಲುವುದನ್ನು ಕಂಡು ಜನ ನಗುತ್ತಿದ್ದರು.

* * *

"ನನ್ನ ಮಗಳ ಮದುವೇಲಿ ಅವನು ನಕ್ಕಿದ್ದ," ಎಂದಳು ಅಕ್ಕ ಇದ್ದಕ್ಕಿದ್ದಂತೆ. "ನೀಲಿ ಅಂಗಿ. ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಫೋಟೋ ತೆಗಿ."

"ಯಾವತ್ತು ಅಕ್ಕಾ ಅದು? ಬೆಳಿಗ್ಗೆನಾ, ಮಧ್ಯಾಹ್ನನಾ?"

ಅಕ್ಕ ಎದ್ದು ನಿಂತಳು. ಸ್ಟೂಲು ಹಿಂದಕ್ಕೆ ಸರಿದು ಕಿರ್ ಎಂದಿತು.

"ಏನೋ ಕೇಳ್ತಿದೀಯ? ತಮ್ಮನ್ನ ಮೇಲೆ ಮಲಗಿಸಿ ಬಂದು ಕೂತಿದ್ದೀನಿ, ನೀನು ಬೆಳಿಗ್ಗೆನಾ ಮಧ್ಯಾಹ್ನನಾ ಅಂತೀಯಾ? ಅವನ ಹೆಸರು ಸಾಲದಾ ನಿನಗೆ?"

ಮೌಸಿನ ಮೇಲಿದ್ದ ಕಂಬನ ಕೈ ಅಲ್ಲೇ ನಿಂತಿತು. ಈ ಮಾತು ಈ ಕೋಣೆಗೆ ಹೊಸದಲ್ಲ. ಅಂದು ಸರಿದದ್ದೂ ಇದೇ ಸ್ಟೂಲು. ಕೂಗಿದ ಬಾಯಿ ಮಾತ್ರ ಬೇರೆ.

* * *

ಆರು ವರ್ಷದ ಹಿಂದೆ ಕಂಬನ ಅಮ್ಮ ಬೆಳಗಿನ ಜಾವ ತೀರಿಹೋದಳು. ಮನೆಯಲ್ಲಿ ಅವಳದೊಂದು ಒಳ್ಳೆಯ ಚಿತ್ರವಿರಲಿಲ್ಲ. ಕಂಬನಿಗೆ ಸ್ಟುಡಿಯೋದ್ದು ನೆನಪಾಯಿತು. ಯಾವಾಗಲೋ ಊಟದ ಡಬ್ಬಿ ತಂದವಳನ್ನು ಟೈಮಣ್ಣ ಬಲವಂತ ಮಾಡಿ ಸ್ಟೂಲಿನ ಮೇಲೆ ಕೂರಿಸಿದ್ದ. "ಹೊಸ ಲೈಟು ಬಂದಿದೆ ಅಮ್ಮಾ, ಸರಿಯಿದೆಯಾ ನೋಡ್ಬೇಕು, ಒಂದು ಗಳಿಗೆ ಕೂತ್ಕೊಳ್ಳಿ." ಅವಳು ನಾಚಿ, ಡಬ್ಬಿಯನ್ನು ಮಡಿಲಿನಿಂದ ಇಳಿಸದೆ ಕೂತಿದ್ದಳು. ಆ ಚಿತ್ರವನ್ನು ಕಂಬ ತೆರೆದು ನೋಡಿಯೇ ಇರಲಿಲ್ಲ. ಇದ್ದೇ ಇರುತ್ತದಲ್ಲ, ಎಲ್ಲಿ ಹೋಗುತ್ತದೆ?

ಚಪ್ಪಲಿಯಿಲ್ಲದೆ ಓಡಿ ಬಂದ. ಟೈಮಣ್ಣ ಸುದ್ದಿ ಕೇಳಿ ಕಂಪ್ಯೂಟರಿನ ಮುಂದೆ ಕೂತು, ತಿರುಗಿ, ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ಕೇಳಿದ:

"ಯಾವತ್ತು ಅದು? ಬೆಳಿಗ್ಗೆನಾ, ಮಧ್ಯಾಹ್ನನಾ?"

"ನನಗೇನು ಗೊತ್ತು!"

"ನೆನಪು ಮಾಡಿಕೊ. ಮಳೆ ಇತ್ತಾ? ಬಿಸಿಲಾ?"

ಕಂಬನ ತಲೆಯೊಳಗೆ ಏನೋ ಕಿತ್ತುಬಂತು. "ನಮ್ಮಮ್ಮ ಸತ್ತಿದ್ದಾಳೆ, ನಿನಗೆ ಮಳೆ ಬಿಸಿಲು ಬೇಕಾ? ಅವಳಿಗೊಂದು ಹೆಸರಿರಲಿಲ್ವಾ? ಒಂದೇ ಒಂದು ಚಿತ್ರಕ್ಕೆ ಹೆಸರು ಹಾಕಿಟ್ಟಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?"

ಸ್ಟೂಲನ್ನು ಒದ್ದ. ಕಪಾಟಿನಿಂದ ತನ್ನ ಕ್ಯಾಮೆರಾ ಎಳೆದುಕೊಂಡು ಹೊರಟುಹೋದ.

ಆ ದಿನ ಟೈಮಣ್ಣ ಮಣ್ಣಿಗೆ ಬರಲಿಲ್ಲ. ಊರಿನವರೆಲ್ಲ ಬಂದರು, ಕಂಬನಿಗಾಗದವರೂ ಬಂದರು, ಅವನು ಬರಲಿಲ್ಲ. ಬಂದದ್ದು ಸಂಜೆ, ಎಲ್ಲ ಮುಗಿದು ಮನೆ ತೊಳೆದ ಮೇಲೆ. ದಿನವಿಡೀ ಪರದೆ ನೋಡಿ ಕಣ್ಣು ಕೆಂಡದಂತಾಗಿತ್ತು. ಕಂಕುಳಲ್ಲಿ ನ್ಯೂಸ್‌ಪೇಪರು ಸುತ್ತಿದ ದೊಡ್ಡ ಫ್ರೇಮು.

"ಸಿಕ್ತು," ಎಂದ.

"ಈಗ ಯಾರ ತಲೆ ಹತ್ತಿರ ಇಡಲಿ ಅದನ್ನ?" ಎಂದು ಕಂಬ ಬಾಗಿಲು ಹಾಕಿಕೊಂಡ.

ಬಹಳ ಹೊತ್ತಿನವರೆಗೆ ಬಾಗಿಲಾಚೆ ಚಪ್ಪಲಿ ಸರಿದ ಸದ್ದು ಕೇಳಿಸಲಿಲ್ಲ. ಆಮೇಲೆ ಕೇಳಿಸಿತು.

ಕಂಬ ಬೀದಿಯ ಇನ್ನೊಂದು ತುದಿಯಲ್ಲಿ ಸ್ವಂತ ಅಂಗಡಿ ಇಟ್ಟ. ಎದುರಿಗೆ ಸಿಕ್ಕರೆ ಒಬ್ಬರು ಆ ಬದಿಗೆ ದಾಟುತ್ತಿದ್ದರು, ಒಬ್ಬರು ಈ ಬದಿಗೆ. ದಿನ ಕಳೆದಂತೆ ಸಿಟ್ಟು ತಣ್ಣಗಾಯಿತು, ದಾಟುವುದು ಮಾತ್ರ ಬಿಡಲಿಲ್ಲ. ಮೊದಲು ಯಾರು ನಿಲ್ಲಬೇಕು?

* * *

"ಅಕ್ಕಾ, ತಪ್ಪಾಯ್ತು," ಎಂದ ಕಂಬ. ಈ ಮಾತು ಅವನ ಬಾಯಿಂದ ಬಂದದ್ದು ಅಕ್ಕನಿಗಿಂತ ಅವನಿಗೇ ಹೊಸದು. "ಕೂತ್ಕೊಳ್ಳಿ. ಇದರಲ್ಲಿ ಹಂಗೇ ಹುಡುಕಬೇಕು. ಬೇರೆ ದಾರಿಯಿಲ್ಲ. ಮದುವೆ ತಾರೀಕು ಹೇಳಿ ಸಾಕು."

ಅಕ್ಕ ಅಳಿಯನನ್ನು ನೋಡಿದಳು. ಮದುವೆ ಅವನದೇ. ಅಳಿಯ ಬಾಯಿ ತೆರೆದ, ಮುಚ್ಚಿದ, ಬೆರಳು ಮಡಚಿದ.

"ಸರಿಹೋಯ್ತು! ನನ್ನ ಮಗಳಿಗೆ ಹೇಳ್ತೀನಿ ಇರಿ," ಎಂದು ಅಕ್ಕ ತಾನೇ ತಾರೀಕು ಹೇಳಿದಳು. ಆ ಸಾವಿನ ಮನೆಯ ಕೆಳಗೆ ಮೂವರಿಗೂ ಸಣ್ಣಗೆ ನಗು ಬಂತು. ಬಂದದ್ದಕ್ಕೆ ಮೂವರೂ ನಾಚಿದರು.

ಮದುವೆಯ ಚಿತ್ರಗಳು ಒಂದೊಂದಾಗಿ ಓಡಿದವು. ಅಳಿಯ ಇದ್ದ, ತೆಳ್ಳಗೆ. ಮಗಳಿದ್ದಳು. ಅಕ್ಕ ಎಲ್ಲರ ಮೇಲೂ ಕೂಗಾಡುತ್ತಿದ್ದಳು. ಟೈಮಣ್ಣ ಮಾತ್ರ ಇರಲಿಲ್ಲ. ಅವನ ನೆರಳು ಎರಡು ಕಡೆ ನೆಲದ ಮೇಲೆ ಬಿದ್ದಿತ್ತು, ಅಷ್ಟೇ. ಅಕ್ಕ ಕಂಡ ನಗು ನಿಜವಾಗಿಯೇ ನಕ್ಕದ್ದಿರಬೇಕು. ಆದರೆ ಅದನ್ನು ಯಾರೂ ತೆಗೆದಿರಲಿಲ್ಲ. ತೆಗೆಯುವವನೇ ನಕ್ಕರೆ ತೆಗೆಯುವವರು ಯಾರು?

"ನೀನೂ ಇದ್ದೆಯಲ್ಲ ಆವತ್ತು, ಎರಡನೇ ಕ್ಯಾಮೆರಾ ಹಿಡಿದು? ನೀನೇನು ಕಡಿದೆ?"

ಕಂಬ ಆ ದಿನದ ಮೊಟ್ಟಮೊದಲ ಚಿತ್ರಕ್ಕೆ ಹೋದ. ಬಾಲದಲ್ಲಿ 2. ತೆರೆದ.

ನೀಲಿ ಅಂಗಿ. ಬಗ್ಗಿಸಿದ ಮೊಣಕೈ. ಮುಖವಿರಬೇಕಾದ ಕಡೆ ಕಪ್ಪು ಕ್ಯಾಮೆರಾ, ಅದರ ನೆತ್ತಿಯಲ್ಲಿ ಬೆಳ್ಳಗೆ ಸಿಡಿದ ಬೆಳಕು.

"ಇದೇನು, ನನ್ನ ತಮ್ಮನಿಗೆ ಮೂತಿ ಜಾಗದಲ್ಲಿ ಕ್ಯಾಮೆರಾ ಬೆಳೆದಿದೆ?"

"ಇಬ್ಬರೂ ಒಟ್ಟಿಗೆ ಒತ್ತುತ್ತಿದ್ದೆವು ಅಕ್ಕಾ. ಗಡಿಯಾರ ಹೊಂದಿಸೋಕೆ."

ಇನ್ನೊಂದು ಕೆಲಸದ ದಿನ ತೆರೆದ. ಮತ್ತೊಂದು. ಅಂಗಿ ಬದಲಾಯಿತು, ಹೊಟ್ಟೆ ಮುಂದೆ ಬಂತು, ಕಿವಿಯ ಪಕ್ಕದ ಕೂದಲು ಹಣ್ಣಾಯಿತು. ಹಿಂದಿನ ಗೋಡೆ, ಬಾಗಿಲು, ಮರ ಬದಲಾದವು. ಕ್ಯಾಮೆರಾ ಮಾತ್ರ ಮುಖದ ಮೇಲಿಂದ ಇಳಿಯಲಿಲ್ಲ. ಹದಿನಾಲ್ಕು ವರ್ಷ ಇಷ್ಟು ಹತ್ತಿರ ನಿಂತು, ಇಷ್ಟು ಸಲ ಗುರಿಯಿಟ್ಟು, ಒಂದು ಸಲವೂ ಇವನ ಮುಖ ತನಗೆ ಸಿಕ್ಕಿಲ್ಲವಲ್ಲ ಎಂದುಕೊಂಡ ಕಂಬ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತರೆ ಹೊತ್ತು ಹಾಳು ಎಂಬ ಸಿಟ್ಟು ಅವಳ ಕಣ್ಣಲ್ಲಿತ್ತು.

ಮೇಲಿಂದ ಯಾರೋ ಇಣುಕಿದರು. "ಹೂವು ಬಂತು. ಫೋಟೋ ಆಯ್ತಾ?"

"ಆಗ್ತಿದೆ ಅಂತ ಹೇಳಿ!" ಎಂದು ಅಕ್ಕ ಗದರಿದಳು. ನಿಧಾನಕ್ಕೆ, ಯಾರಿಗೂ ಅಲ್ಲದ ಹಾಗೆ, "ಆ ಕಳ್ಳನ ಫೋಟೋನೇ ಇಡೋದು ಅಂತ ಕಾಣ್ತದೆ," ಎಂದಳು.

ಅಳಿಯ ಅಷ್ಟರಲ್ಲಿ ಪಟ್ಟಿಯನ್ನು ಕೆಳಕೆಳಗೆ ಉರುಳಿಸುತ್ತಿದ್ದ. "ನೀವು ಮಾವನ್ನ ಬಿಟ್ಟು ಹೋದದ್ದು ಯಾವಾಗ?" ಎಂದು ಕೇಳಿದ.

ಆ ತಾರೀಕಿಗೆ ಕಂಬ ಬೆರಳು ಮಡಚಬೇಕಾಗಿರಲಿಲ್ಲ. ಹೇಳಿದ.

"ಅದಾದ ಮೇಲೂ ಎರಡು ಇದೆಯಲ್ಲ?"

"ಏನು?"

"ಬಾಲದಲ್ಲಿ ಎರಡು. ನೋಡಿ. ಇಲ್ಲಿಂದ ಕೊನೆವರೆಗೂ ಇದೆ."

ಕಂಬ ಬಗ್ಗಿ ನೋಡಿದ. ಹಾಗಾದರೆ ಇನ್ನೊಬ್ಬನನ್ನು ಇಟ್ಟುಕೊಂಡಿದ್ದನೇ? ಯಾರು? ಆ ಬೀದಿಯಲ್ಲಿ ಕ್ಯಾಮೆರಾ ಹಿಡಿಯುವವನು ಯಾವನೂ ತನ್ನ ಕಣ್ಣಿಗೆ ಬೀಳದೆ ಇರುವುದುಂಟೇ? ತನ್ನ ಅಂಕಿಯನ್ನು ಎತ್ತಿ ಇನ್ಯಾವನಿಗೋ ಕೊಟ್ಟನೇ? ಸತ್ತವನ ಮೇಲೆ ಇಷ್ಟು ಬೇಗ ಸಿಟ್ಟು ಬರಬಾರದು. ಬಂತು.

"ತೆಗೀರಿ ಅದನ್ನ. ಮೊದಲನೇದು."

ಅಮ್ಮ ತೀರಿಕೊಂಡು ವಾರ ತುಂಬುವುದರೊಳಗಿನ ಒಂದು ದಿನ, ಯಾವುದೋ ಮದುವೆ ಮನೆಯ ಅಂಗಳ. ಬಾಲದಲ್ಲಿ 1 ಇದ್ದದ್ದನ್ನು ಅಳಿಯ ಮೊದಲು ತೆರೆದ. ಟೈಮಣ್ಣ ತೆಗೆದದ್ದು. ಅದರಲ್ಲಿ ಮನುಷ್ಯರು ಯಾರೂ ಇರಲಿಲ್ಲ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಒಂದು ಹೊಸ ಕ್ಯಾಮೆರಾ, ಹಿಂದೆ ಖಾಲಿ ಗೋಡೆ.

"ಸ್ಟ್ಯಾಂಡು," ಎಂದ ಕಂಬ. "ಅಯ್ಯೋ, ನನ್ನ ಜಾಗದಲ್ಲಿ ಸ್ಟ್ಯಾಂಡು ನಿಲ್ಲಿಸಿಕೊಂಡಿದ್ದಾನೆ."

ತಾನಾಗಿಯೇ ಒತ್ತಿಕೊಳ್ಳುವಂತೆ ಗುಂಡಿ ತಿರುವಿಟ್ಟು, ಓಡಿ ಬಂದು ಎದುರು ನಿಂತು, ಅದು ಮಿಟುಕುವಾಗ ತಾನೂ ಒತ್ತಬೇಕು. ಎಣಿಸಿ ಹೇಳುವವರಿಲ್ಲ. ಮೊದಲ ದಿನವಲ್ಲವೇ, ಹದ ತಪ್ಪಿತ್ತು. ಸರಿಯಾದ ಜೋಡಿಗೆ ಮುಂಚೆ ಬಾಲದಲ್ಲಿ 2 ಇದ್ದ, ಜೋಡಿಯಿಲ್ಲದ ಚಿತ್ರಗಳು ಮೂರಿದ್ದವು. ಹೊಂದದ ಚಿತ್ರವನ್ನು ಇನ್ಯಾರಾದರೂ ಅಳಿಸಿರುತ್ತಿದ್ದರು. ಟೈಮಣ್ಣ ಯಾವ ಹೊತ್ತನ್ನೂ ಅಳಿಸುತ್ತಿರಲಿಲ್ಲ.

ಅಳಿಯ ಮೊದಲನೆಯದನ್ನು ಒತ್ತಿದ.

ಟೈಮಣ್ಣನ ಮುಖ ಪರದೆಯ ತುಂಬ ಬಂತು.

ಕ್ಯಾಮೆರಾ ಇನ್ನೂ ಎದೆಯ ಮಟ್ಟದಲ್ಲಿತ್ತು. ಕೈಗಳು ತಯಾರಾಗಿದ್ದವು, ಎತ್ತಿರಲಿಲ್ಲ. ಕೂದಲು ಗಾಳಿಗೆ ಹಾರಿತ್ತು. ತುಟಿ ಸ್ವಲ್ಪ ತೆರೆದಿತ್ತು, ಏನೋ ಕೇಳಿಸಿಕೊಳ್ಳುವವನ ಹಾಗೆ. ಕಣ್ಣು ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಅದರ ಮೇಲೆ, ಸ್ಟ್ಯಾಂಡಿಗಿಂತ ಗೇಣು ಎತ್ತರದಲ್ಲಿ, ಒಬ್ಬ ಉದ್ದನೆಯ ಮನುಷ್ಯನ ಬಾಯಿ ಇರುವ ಕಡೆ ನೋಡುತ್ತಿತ್ತು.

ಮೂರು ಎನ್ನುವುದಕ್ಕೆ ಕಾಯುತ್ತಿದ್ದ.

ಎರಡನೆಯದರಲ್ಲಿ ಕ್ಯಾಮೆರಾ ಗದ್ದದವರೆಗೆ ಬಂದಿತ್ತು. ಮೂರನೆಯದರಲ್ಲಿ ಮೂಗು ಮುಚ್ಚಿತ್ತು. ನಾಲ್ಕನೆಯದಕ್ಕೆ ಕಲಿತುಬಿಟ್ಟಿದ್ದ. ಅಲ್ಲಿಂದ ನಿನ್ನೆ ಮೊನ್ನೆಯವರೆಗೆ, ಆರು ವರ್ಷದ ಒಂದೊಂದು ಕೆಲಸದ ಶುರುವಿನಲ್ಲೂ, ಒಂದು ಕಡೆ ಸ್ಟ್ಯಾಂಡು, ಒಂದು ಕಡೆ ಮುಖವಿಲ್ಲದ ಟೈಮಣ್ಣ.

"ಇವನೇ," ಎಂದಳು ಅಕ್ಕ. ಪರದೆಗೆ ಅಂಗೈ ಇಟ್ಟಳು. "ಇವನೇ ನನ್ನ ತಮ್ಮ. ಯಾರಿಗೆ ಕಾಯ್ತಿದ್ದಾನೆ ಇವನು?"

ಕಂಬ ಪ್ರಿಂಟರಿಗೆ ಕಾಗದ ಹಾಕಲು ಆ ಕಡೆ ತಿರುಗಿದ.

* * *

ಚಿತ್ರ ಅಚ್ಚಾಗಿ ಬಂತು. ಫ್ರೇಮು ಬೇಕಿತ್ತು. ಕಪಾಟಿನಲ್ಲಿದ್ದವೆಲ್ಲ ಅಂಗೈಯಗಲದವು. ಅಕ್ಕ ಕೆಳಗಿನ ಅರೆಯಲ್ಲಿ ಕೈಯಾಡಿಸಿ ನ್ಯೂಸ್‌ಪೇಪರು ಸುತ್ತಿದ ದೊಡ್ಡದೊಂದನ್ನು ಎಳೆದಳು.

"ಇದು ಆಗ್ತದಾ? ಹೋದ ಸಲ ಬಂದಾಗ ನನ್ನ ಮೊಮ್ಮಗನ ಚಿತ್ರಕ್ಕೆ ಕೇಳಿದ್ದೆ. 'ಅದು ಒಬ್ಬರದು ಅಕ್ಕಾ, ಬಂದು ತಗೊಂಡು ಹೋಗ್ತಾರೆ' ಅಂದ. ಈ ಪೇಪರ್ ಹಳದಿ ತಿರುಗಿದೆ, ಯಾರು ಬರ್ತಾರೆ ಇನ್ನು?"

ಕಂಬ ಅದನ್ನು ತೆಗೆದುಕೊಂಡ. ಸುತ್ತಿದ್ದ ದಾರ ಬಿಚ್ಚಿ ಪೇಪರು ಸರಿಸಿದ.

ಅಮ್ಮ ಕಣ್ಣು ಕಿರಿದು ಮಾಡಿ ನಗುತ್ತಿದ್ದಳು. ಹೊಸ ಲೈಟಿನ ಬೆಳಕು ಕಣ್ಣಿಗೆ ಹೊಡೆದಿರಬೇಕು. ಮಡಿಲಲ್ಲಿ ಡಬ್ಬಿ, ಅದರ ಮೇಲೆ ಒಂದರ ಮೇಲೊಂದು ಇಟ್ಟ ಕೈಗಳು. ಬೆನ್ನಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಅಂಕಿಗಳಿದ್ದವು. ಕಂಬನಿಗೆ ಓದಲು ಬರುವ ಅಂಕಿಗಳು. ಮಧ್ಯಾಹ್ನ ಎರಡು ದಾಟಿತ್ತು. ಅಷ್ಟು ಹೊತ್ತಾಗಿದ್ದಕ್ಕೆ ಅವಳ ಮೇಲೆ ರೇಗಿದ್ದು ಥಟ್ಟನೆ ನೆನಪಾಯಿತು. ಬಿಸಿಲಿತ್ತು. ಬಸ್ಸು ಸಿಗದೆ ನಡೆದು ಬಂದಿದ್ದಳು.

"ಯಾರಪ್ಪ ಇವರು?" ಎಂದಳು ಅಕ್ಕ.

"ನಮ್ಮಮ್ಮ."

ಅಕ್ಕ ಅವನ ಮುಖ ನೋಡಿದಳು. ಆಮೇಲೆ ನೋಡಲಿಲ್ಲ.

ಕಂಬ ಹಿಂಬದಿಯ ಮೊಳೆಗಳನ್ನು ಒಂದೊಂದಾಗಿ ಮೇಲೆತ್ತಿ, ರಟ್ಟು ತೆಗೆದು, ಗಾಜಿಗೂ ಅಮ್ಮನ ಚಿತ್ರಕ್ಕೂ ನಡುವೆ ಟೈಮಣ್ಣನ ಚಿತ್ರ ಸರಿಸಿದ.

"ಅವರದನ್ನ ಹೊರಗೆ ತೆಗಿ ಮೊದಲು. ಎರಡೆರಡು ಹಿಡಿಸ್ತದಾ?"

"ಇರಲಿ ಅಕ್ಕಾ. ಜಾಗ ಇದೆ."

ರಟ್ಟು ಮುಚ್ಚಿದ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೊಳೆಗಳನ್ನು ಮಲಗಿಸಿದ.

ಮೇಲಿನ ಕೋಣೆಯಲ್ಲಿ ಟೈಮಣ್ಣನ ತಲೆಯ ಬಳಿ ಒಂದು ಕುರ್ಚಿ ಹಾಕಿ ಫ್ರೇಮನ್ನು ಅದರ ಬೆನ್ನಿಗೆ ಒರಗಿಸಿದರು. ಕುರ್ಚಿಗೆ ಅಕ್ಕ ಹುಡುಕಾಡಿದಾಗ ಕಂಬ ಕೆಳಗಿಂದ ತನ್ನದನ್ನೇ ಎತ್ತಿಕೊಂಡು ಬಂದಿದ್ದ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಜನ ಸಾಲು ಕಟ್ಟಿದರು. ಆ ಬೀದಿಯಲ್ಲಿ ಟೈಮಣ್ಣನ ಎದುರು ಸ್ಟೂಲಿನ ಮೇಲೆ ಕೂರದವರು ಯಾರಿದ್ದರು? ಗದ್ದ ಎತ್ತಿ, ಭುಜ ಇಳಿಸಿ, ಇಲ್ಲಿ ನೋಡಿ ಎಂದು ಅವನಿಂದ ಹೇಳಿಸಿಕೊಂಡವರು ಈಗ ಅವನ ಚಿತ್ರದ ಮುಂದೆ ತಮಗರಿವಿಲ್ಲದೆಯೇ ನೆಟ್ಟಗಾಗಿ ನಿಲ್ಲುತ್ತಿದ್ದರು.

"ಚೆನ್ನಾಗಿ ಬಂದಿದೆ," ಎಂದ ಟೇಲರ್, ಹೂವಿಟ್ಟು. "ಆದರೆ ಇವನು ಎತ್ತ ನೋಡ್ತಿದ್ದಾನೆ?"

ತಲೆ ವಾರೆ ಮಾಡಿ ಆ ಕಣ್ಣುಗಳ ಜಾಡು ಹಿಡಿದು ತಾನೂ ಹಿಂದಕ್ಕೆ ತಿರುಗಿದ. ಅವನ ಹಿಂದಿದ್ದ ಮುದುಕಿಯೂ ಚಿತ್ರ ನೋಡಿದಳು, ತಿರುಗಿದಳು. ಅವಳ ಹಿಂದಿದ್ದವರೂ ಹಾಗೆಯೇ. ಒಬ್ಬೊಬ್ಬರಾಗಿ ಎಲ್ಲರೂ ಟೈಮಣ್ಣನನ್ನು ನೋಡಿ, ಅವನು ನೋಡುತ್ತಿದ್ದ ಕಡೆ ತಿರುಗಿದರು.

ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಎಲ್ಲರ ತಲೆಗಿಂತ ಮೇಲೆ ತಲೆಯಿಟ್ಟುಕೊಂಡು, ಕಂಬ ಬರಿಗೈಯಲ್ಲಿ ನಿಂತಿದ್ದ.